ಲಿವರ್ ಗೆಡ್ಡೆಗೆ ರಕ್ತನಾಳದ ಮೂಲಕ ರೇಡಿಯೇಷನ್: ಕೊಡಗಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಲಿವರ್ ತೋರಿಸಲು ಹೋದವರ ಫೈಲಿನಲ್ಲಿ ಈಚೆಗೆ ‘ಟೇರ್’, ‘ಸರ್ಟ್’ ಅಥವಾ ‘ವೈ-90’ ಅನ್ನುವ ಮಾತು ಕಾಣಿಸುತ್ತದೆ. ಮೂರೂ ಒಂದೇ ಚಿಕಿತ್ಸೆಯ ಹೆಸರುಗಳು. ಡಾಕ್ಟರು ಹತ್ತು ನಿಮಿಷದಲ್ಲಿ ವಿವರಿಸಿರುತ್ತಾರೆ. ಮನೆಯವರಿಗೆ ಪ್ರಶ್ನೆಗಳು ಹುಟ್ಟುವುದು ವಾಪಸ್ ಬರುವಾಗ, ಹುಣಸೂರು ದಾಟಿದ ಮೇಲೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ ಮಾತೇ ಕೊನೆಯ ಮಾತು. ಅವರ ಹತ್ತಿರ ಏನು ಕೇಳಬೇಕು ಅಂತ ಗೊತ್ತಾದರೆ ಈ ಪುಟದ ಕೆಲಸ ಆದಂತೆ.

ಇದೂ ‘ಕರೆಂಟ್ ಕೊಡುವುದು’ ತಾನೇ?

ನಮ್ಮ ಕಡೆ ರೇಡಿಯೇಷನ್ ಅಂದರೆ ಎಲ್ಲರೂ ಕರೆಂಟ್ ಅಂತಲೇ ಹೇಳುತ್ತಾರೆ. ಮಾಮೂಲಿ ಕರೆಂಟಿನಲ್ಲಿ ಯಂತ್ರ ಹೊರಗೆ ಇರುತ್ತದೆ, ಕಿರಣ ಚರ್ಮ ದಾಟಿ ಒಳಗೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಯಿಟ್ರಿಯಂ-90 ಅನ್ನುವ ವಿಕಿರಣ ವಸ್ತು ತುಂಬಿದ ಅತಿ ಸಣ್ಣ ಮಣಿಗಳನ್ನು ರಕ್ತನಾಳದ ಒಳಗಿನಿಂದಲೇ ಗೆಡ್ಡೆಯ ತನಕ ಕಳಿಸುತ್ತಾರೆ. ಮಣಿ ಗಾಜಿನದ್ದು ಇರಬಹುದು, ರಾಳದ್ದೂ ಇರಬಹುದು. ಗಾತ್ರ 20ರಿಂದ 60 ಮೈಕ್ರಾನ್, ಅಂದರೆ ತಲೆಕೂದಲಿಗಿಂತಲೂ ಸಣ್ಣ. ಒಂದು ಡೋಸಿನಲ್ಲಿ ಇಂಥ ಮಣಿಗಳು ಲಕ್ಷಗಟ್ಟಲೆ, ಕೆಲವು ಬಗೆಯಲ್ಲಿ ಕೋಟಿಗಟ್ಟಲೆ ಇರುತ್ತವೆ.

ಹೊಟ್ಟೆ ಕೊಯ್ಯುವುದಿಲ್ಲ. ತೊಡೆಸಂದಿನಲ್ಲಿ ಅಥವಾ ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿದಷ್ಟು ತೂತು, ಅಷ್ಟೇ. ಹೃದಯದ ಆಂಜಿಯೋಗ್ರಾಮ್ ಮಾಡಿಸಿಕೊಂಡವರು ಮನೆಯಲ್ಲಿದ್ದರೆ ಅವರಿಗೆ ಇದು ಹೊಸದೇನಲ್ಲ. ಆದರೆ ಇದನ್ನು ಮಾಡುವುದು ಹೃದಯದ ಡಾಕ್ಟರಲ್ಲ. ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದವರು ಸೇರಿ ಮಾಡುತ್ತಾರೆ.

ಮಣಿಗಳು ಗೆಡ್ಡೆಗೇ ಹೋಗುತ್ತವೆ ಅಂತ ಏನು ಗ್ಯಾರಂಟಿ? ಒಳ್ಳೆಯ ಲಿವರ್ ಸುಟ್ಟುಹೋಗುವುದಿಲ್ಲವೇ?

ಈ ಚಿಕಿತ್ಸೆಯ ಗುಟ್ಟೇ ಇಲ್ಲಿದೆ. ಲಿವರ್‌ಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಒಂದು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್. ಇನ್ನೊಂದು ಹೃದಯದ ಕಡೆಯಿಂದ ಬರುವ ಹೆಪಾಟಿಕ್ ಆರ್ಟರಿ. ಆರೋಗ್ಯವಾದ ಲಿವರ್‌ಗೆ ಸುಮಾರು ಮುಕ್ಕಾಲು ಪಾಲು ರಕ್ತ ಪೋರ್ಟಲ್ ವೇನ್‌ನಿಂದ ಸಿಗುತ್ತದೆ. ಗೆಡ್ಡೆ ಮಾತ್ರ ತನಗೆ ಬೇಕಾದ ರಕ್ತವನ್ನೆಲ್ಲ ಹೆಚ್ಚುಕಡಿಮೆ ಹೆಪಾಟಿಕ್ ಆರ್ಟರಿಯಿಂದಲೇ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಆರ್ಟರಿಯಲ್ಲಿ ಬಿಟ್ಟ ಮಣಿಗಳು ಬಹುಪಾಲು ಗೆಡ್ಡೆಯ ಕಡೆಗೇ ಹೋಗಿ ಅಲ್ಲಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಯಿಟ್ರಿಯಂ-90 ಬಿಡುವ ಬೀಟಾ ಕಿರಣ ದೇಹದೊಳಗೆ ದೂರ ಹೋಗುವುದಿಲ್ಲ. ಸರಾಸರಿ 2.5 ಮಿಲಿಮೀಟರ್, ಹೆಚ್ಚೆಂದರೆ 11 ಮಿಲಿಮೀಟರ್. ಆದ್ದರಿಂದ ಹೊರಗಿನಿಂದ ಕೊಡಲಾಗದಷ್ಟು ದೊಡ್ಡ ಡೋಸನ್ನು ಒಳಗಿನಿಂದ ಕೊಡಬಹುದು.

ಸುತ್ತಲಿನ ಒಳ್ಳೆಯ ಲಿವರ್‌ಗೆ ಸ್ವಲ್ಪವೂ ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವಲ್ಪ ತಾಗಿಯೇ ತಾಗುತ್ತದೆ. ಉಳಿದ ಲಿವರ್‌ಗೆ ಅದನ್ನು ತಡೆಯುವ ಶಕ್ತಿ ಇದೆಯೇ? ಡಾಕ್ಟರು ಮೊದಲು ನೋಡುವುದು ಅದನ್ನೇ.

ಹಾಗಾದರೆ ಯಾರಿಗೆ ಇದು ಆಗುವುದಿಲ್ಲ?

ಕಣ್ಣು ಹಳದಿಯಾಗಿ ಬಿಲಿರುಬಿನ್ (ರಕ್ತಪರೀಕ್ಷೆಯಲ್ಲಿ ಕಾಮಾಲೆ ತೋರಿಸುವ ಅಂಕಿ) 2ಕ್ಕಿಂತ ಮೇಲೆ ಹೋಗಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಮಾತು ತೊದಲಿ ಗೊಂದಲ ಶುರುವಾಗಿದ್ದರೆ, ದಿನದ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುವಷ್ಟು ಸೋತಿದ್ದರೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಬಸುರಿಯರಿಗೆ ಕೊಡುವುದಿಲ್ಲ. ಮೊಲೆಯುಣಿಸುವ ತಾಯಿಯಾದರೆ ಮೊದಲೇ ಹೇಳಬೇಕು. ಕಿಡ್ನಿ ತೊಂದರೆ ಇದ್ದರೆ ಆಂಜಿಯೋಗ್ರಾಮಿಗೆ ಹಾಕುವ ಬಣ್ಣದ ಔಷಧಿಯ ಬಗ್ಗೆ ಯೋಚನೆ ಮಾಡಬೇಕಾಗುತ್ತದೆ.

ಡಾಕ್ಟರು ‘ಬೇಡ’ ಅಂದಾಗ ಮನೆಯವರಿಗೆ ಸಿಟ್ಟು ಬರುವುದು ಸಹಜ. ದುಡ್ಡು ಹೊಂದಿಸಿದ್ದೇವೆ, ಮಾಡಿಬಿಡಿ ಅನ್ನುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಸೋತ ಲಿವರ್‌ಗೆ ಹಟ ಹಿಡಿದು ಈ ಚಿಕಿತ್ಸೆ ಮಾಡಿಸುವುದಕ್ಕಿಂತ ಬೇಡ ಅಂದ ಡಾಕ್ಟರ ಮಾತು ಕೇಳುವುದೇ ಮೇಲು. ರೇಡಿಯೇಷನ್ನಿನಿಂದಲೇ ಲಿವರ್ ಕೈಕೊಟ್ಟರೆ ಅದಕ್ಕೆ ಸುಲಭದ ಮದ್ದಿಲ್ಲ.

ಆಪರೇಷನ್ ಮಾಡಿ ತೆಗೆದುಬಿಟ್ಟರೆ ಆಗದೇ?

ತೆಗೆಯಲು ಆಗುವಂತಿದ್ದರೆ ಅದೇ ಒಳ್ಳೆಯದು. ಆದರೆ ಲಿವರ್ ಗೆಡ್ಡೆ ಇರುವ ಬಹಳ ಜನರಿಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ರೋಗ, ಕೂಡ ಇರುತ್ತದೆ. ಒಂದು ಭಾಗ ಕತ್ತರಿಸಿದರೆ ಉಳಿದದ್ದು ಸಾಕಾಗುವುದಿಲ್ಲ. ಗೆಡ್ಡೆ ಮೂರು ಸೆಂಟಿಮೀಟರ್ ಒಳಗೆ ಇದ್ದರೆ ಸೂಜಿ ಹಾಕಿ ಬಿಸಿಯಲ್ಲಿ ಸುಡುವ ವಿಧಾನ ಇದೆ, ಮೈಕ್ರೋವೇವ್ ಅಥವಾ ಆರ್‌ಎಫ್‌ಎ ಅನ್ನುತ್ತಾರೆ. ಅದೇ ಆರ್ಟರಿಯಲ್ಲಿ ಕೀಮೋ ಔಷಧಿ ಬಿಟ್ಟು ನಾಳ ಮುಚ್ಚುವ ‘ಟೇಸ್’ ಇದೆ. ಹೊರಗಿನಿಂದ ಕೆಲವೇ ಸಿಟ್ಟಿಂಗ್‌ಗಳಲ್ಲಿ ಗುರಿಯಿಟ್ಟು ಕೊಡುವ ‘ಎಸ್‌ಬಿಆರ್‌ಟಿ’ ಇದೆ. ಕೆಲವರಿಗೆ ಲಿವರ್ ಕಸಿ. ಕೆಲವರಿಗೆ ಮಾತ್ರೆ ಅಥವಾ ಇಮ್ಯುನೋಥೆರಪಿ.

ಪೋರ್ಟಲ್ ವೇನ್ ಒಳಗೆ ಗೆಡ್ಡೆ ಹಬ್ಬಿದ್ದರೆ ಟೇಸ್ ಮಾಡಲು ಡಾಕ್ಟರು ಹಿಂಜರಿಯುತ್ತಾರೆ. ವೈ-90 ಮಣಿಗಳು ನಾಳವನ್ನು ಅಷ್ಟಾಗಿ ಮುಚ್ಚುವುದಿಲ್ಲ, ಹಾಗಾಗಿ ಅಂಥವರಲ್ಲಿ ಕೆಲವರಿಗೆ ಇದನ್ನು ಯೋಚಿಸಬಹುದು. ದೊಡ್ಡಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದವರಿಗೂ ಇದನ್ನು ಬಳಸುತ್ತಾರೆ. ಅಮೆರಿಕದಲ್ಲಿ ರಾಳದ ಮಣಿಗಳಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿದ್ದೇ ಅದಕ್ಕಾಗಿ.

ಡಾಕ್ಟರ ಹತ್ತಿರ ಹೀಗೆ ಕೇಳಿ: ‘ನಮ್ಮ ಕೇಸ್ ಟ್ಯೂಮರ್ ಬೋರ್ಡಿನಲ್ಲಿ ಚರ್ಚೆ ಆಯಿತೇ?’ ಅಂದರೆ ಸರ್ಜನ್, ಲಿವರ್ ಡಾಕ್ಟರು, ಕೀಮೋ ಡಾಕ್ಟರು, ರೇಡಿಯಾಲಜಿಯವರು ಒಟ್ಟಿಗೆ ಕೂತು ಸ್ಕ್ಯಾನ್ ನೋಡಿದರೇ ಅಂತ. ಈ ಒಂದು ಪ್ರಶ್ನೆಯನ್ನು ಮರೆಯಬೇಡಿ.

ಎರಡು ಸಲ ಆಂಜಿಯೋಗ್ರಾಮ್ ಯಾಕೆ? ಸುಮ್ನೆ ಬಿಲ್ ಮಾಡುತ್ತಿದ್ದಾರಾ?

ಇಲ್ಲ. ನನ್ನ ಲೆಕ್ಕದಲ್ಲಿ ಮೊದಲನೆಯದೇ ಮುಖ್ಯ. ಅದಕ್ಕೆ ಮ್ಯಾಪಿಂಗ್ ಅನ್ನುತ್ತಾರೆ. ನಿಜವಾದ ಮಣಿಗಳನ್ನು ಬಿಡುವುದಕ್ಕೆ ಒಂದೆರಡು ವಾರ ಮೊದಲು ಇದು ನಡೆಯುತ್ತದೆ.

ಹೆಪಾಟಿಕ್ ಆರ್ಟರಿಯ ಕವಲುಗಳು ಒಬ್ಬರಲ್ಲಿ ಇದ್ದ ಹಾಗೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಕೆಲವು ಸಣ್ಣ ಕವಲು ಹೊಟ್ಟೆಗೆ, ಸಣ್ಣಕರುಳಿಗೆ, ಪಿತ್ತಕೋಶಕ್ಕೆ ಹೋಗಿರುತ್ತವೆ. ಆ ದಾರಿಯಲ್ಲಿ ಮಣಿಗಳು ಹೋದರೆ ವಾಸಿಯಾಗಲು ತಿಂಗಳು ಹಿಡಿಯುವ ಹುಣ್ಣು ಆಗುತ್ತದೆ. ಕಾಫಿಗೆ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವಾಗ ಬೇಡದ ಲೈನಿನ ವಾಲ್ವ್ ಬಂದ್ ಮಾಡುತ್ತೀರಲ್ಲ, ಹಾಗೆಯೇ ಇಲ್ಲೂ ಬೇಡದ ಕವಲಿಗೆ ಸಣ್ಣ ಲೋಹದ ಸುರುಳಿ ಇಟ್ಟು ಮುಚ್ಚುತ್ತಾರೆ. ಎಲ್ಲರಿಗೂ ಇದು ಬೇಕಾಗುವುದಿಲ್ಲ.

ಎರಡನೆಯ ಕೆಲಸ ಶ್ವಾಸಕೋಶದ ಲೆಕ್ಕ. ಗೆಡ್ಡೆಯ ಒಳಗೆ ಆರ್ಟರಿಯಿಂದ ನೇರ ವೇನ್‌ಗೆ ಕಳ್ಳದಾರಿಗಳು ಇರಬಹುದು. ಅಲ್ಲಿಂದ ತಪ್ಪಿಸಿಕೊಂಡ ಮಣಿಗಳು ಶ್ವಾಸಕೋಶ ಸೇರುತ್ತವೆ. ಇದನ್ನು ಅಳೆಯಲು ಟೆಕ್ನೀಷಿಯಂ-99ಎಂ ಅಂಟಿಸಿದ ಪ್ರೋಟೀನ್ ಕಣಗಳನ್ನು ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ಅವು ಬೇಗ ಕರಗಿಹೋಗುತ್ತವೆ, ತೊಂದರೆ ಕೊಡುವುದಿಲ್ಲ. ಒಂದು ಸಲಕ್ಕೆ ಶ್ವಾಸಕೋಶಕ್ಕೆ 30 ಗ್ರೇಗಿಂತ (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ) ಜಾಸ್ತಿ ಡೋಸ್ ಸೇರುವಂತಿದ್ದರೆ ಡೋಸ್ ಇಳಿಸುತ್ತಾರೆ ಅಥವಾ ಚಿಕಿತ್ಸೆಯನ್ನೇ ಕೈಬಿಡುತ್ತಾರೆ.

ಮ್ಯಾಪಿಂಗ್ ಆದ ಮೇಲೆ ‘ನಿಮಗೆ ಇದು ಬೇಡ’ ಅಂತ ವಾಪಸ್ ಕಳಿಸಿದರೆ ಖರ್ಚು ದಂಡವಾಯಿತು ಅನ್ನಿಸಬಹುದು. ಅದಕ್ಕಿಂತ ದೊಡ್ಡ ದಂಡ ತಪ್ಪಿದೆ ಅಂತಲೇ ನಾನು ಹೇಳುವುದು.

ಚಿಕಿತ್ಸೆಯ ದಿನ ಏನಾಗುತ್ತದೆ?

ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಚುಚ್ಚುವ ಜಾಗ ಮರಗಟ್ಟಿಸಿ, ಸ್ವಲ್ಪ ಮಂಪರು ಬರುವ ಔಷಧಿ ಕೊಡುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಕ್ಸ್‌ರೇ ಪರದೆ ನೋಡಿಕೊಂಡು ಸಣ್ಣ ಟ್ಯೂಬನ್ನು ಗೆಡ್ಡೆಯ ಕವಲಿನ ತನಕ ಒಯ್ದು ಮಣಿ ಬಿಡುತ್ತಾರೆ. ಒಂದೆರಡು ಗಂಟೆಯ ಕೆಲಸ. ತೊಡೆಯಲ್ಲಿ ಚುಚ್ಚಿದ್ದರೆ ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು. ಆಮೇಲೆ ಮಣಿಗಳು ಎಲ್ಲಿ ಕೂತಿವೆ ಅಂತ ಒಂದು ಸ್ಕ್ಯಾನ್. ಅದೇ ದಿನ ಅಥವಾ ಮರುದಿನ ಡಿಸ್ಚಾರ್ಜ್.

ರಕ್ತ ತೆಳು ಮಾಡುವ ಮಾತ್ರೆ ಅಥವಾ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಮಳೆಗಾಲದಲ್ಲಿ ಡೇಟ್ ಕೊಟ್ಟಿದ್ದಾರೆ. ದಾರಿ ಬಂದ್ ಆದರೆ ಮುಂದಿನ ವಾರ ಹೋದರೆ ನಡೆಯುತ್ತದೆಯೇ?

ಬೇರೆ ಊರಿನವರಿಗೆ ಈ ಪ್ರಶ್ನೆ ಏಳುವುದಿಲ್ಲ. 2018ರ ಆಗಸ್ಟ್ ನೋಡಿದ ನಮಗೆ ಏಳುತ್ತದೆ.

ಯಿಟ್ರಿಯಂ-90ರ ಶಕ್ತಿ ಸುಮಾರು 64 ಗಂಟೆಗೆ ಅರ್ಧವಾಗುತ್ತದೆ. ಇನ್ನು 64 ಗಂಟೆಗೆ ಕಾಲು. ನಿಮ್ಮ ಹೆಸರಿಗೆ, ನಿಮ್ಮ ಗೆಡ್ಡೆಯ ಲೆಕ್ಕಕ್ಕೆ, ಇಂಥ ದಿನ ಇಂಥ ಹೊತ್ತು ಅಂತ ಆರ್ಡರ್ ಮಾಡಿ ತರಿಸಿದ ಡೋಸ್ ಅದು. ಬಹಳ ಸಲ ಹೊರದೇಶದಿಂದ ವಿಮಾನದಲ್ಲಿ ಬರುತ್ತದೆ. ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಕೊಡುವ ವಸ್ತು ಅಲ್ಲ. ನೀವು ಬಾರದಿದ್ದರೆ ಡೋಸ್ ಹಾಳಾಗಬಹುದು. ದುಡ್ಡು ಯಾರ ತಲೆಗೆ ಬರುತ್ತದೆ ಅಂತ ಆರ್ಡರ್ ಮಾಡುವ ಮೊದಲೇ ಕೇಳಿಟ್ಟುಕೊಳ್ಳಿ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಸುಮಾರು 260. ರೈಲು ನಮಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಡೇಟ್ ಇದ್ದರೆ ಎರಡು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಮಂಗಳೂರಿನ ಆಸ್ಪತ್ರೆಯಾದರೆ ಸಂಪಾಜೆ ಘಾಟಿಯ ಸ್ಥಿತಿ ಕೇಳಿಕೊಂಡೇ ಹೊರಡಿ. ತಿತಿಮತಿ, ಆನೆಚೌಕೂರು ಕಡೆ ಹೋಗುವವರು ಬೆಳಕಿರುವಾಗಲೇ ಕಾಡು ದಾಟಿ. ಆನೆ ಅಡ್ಡ ನಿಂತಿತ್ತು ಅಂದರೆ ಬೆಂಗಳೂರಿನ ಬಿಲ್ಲಿಂಗ್ ಕೌಂಟರಿನವರು ನಂಬುವುದು ಕಷ್ಟ!

ಆಮೇಲೆ ಏನೆಲ್ಲ ತೊಂದರೆ ಆಗಬಹುದು?

ಸುಸ್ತು. ಎಲ್ಲರೂ ಹೇಳುವುದು ಇದನ್ನೇ. ಒಂದೆರಡು ವಾರ, ಕೆಲವರಿಗೆ ಇನ್ನೂ ಜಾಸ್ತಿ ದಿನ ಇರುತ್ತದೆ. ಸಣ್ಣ ಜ್ವರ, ಬಲಪಕ್ಕೆಯಲ್ಲಿ ನೋವು, ವಾಕರಿಕೆ, ಊಟ ಸೇರದಿರುವುದು ಇವೂ ಸಾಮಾನ್ಯ. ತಲೆಕೂದಲು ಉದುರುವುದಿಲ್ಲ.

ನೋವಿಗೆ ಡಾಕ್ಟರು ಬರೆದುಕೊಟ್ಟದ್ದನ್ನೇ ತೆಗೆದುಕೊಳ್ಳಿ. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫಿನಾಕ್, ಬ್ರೂಫೆನ್ ನೀವಾಗಿಯೇ ನುಂಗಬೇಡಿ. ಸಿರೋಸಿಸ್ ಇರುವವರ ಕಿಡ್ನಿಗೆ, ಹೊಟ್ಟೆಗೆ ಅವು ಒಳ್ಳೆಯದಲ್ಲ.

ಕಪ್ಪು ಮಲ, ತಡೆಯಲಾಗದ ಹೊಟ್ಟೆನೋವು, ಚಳಿ ನಡುಕದ ಜ್ವರ, ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುವುದು, ಉಸಿರಾಟಕ್ಕೆ ಕಷ್ಟ: ಇದರಲ್ಲಿ ಒಂದು ಕಂಡರೂ ಕಾಯಬೇಡಿ. ರೇಡಿಯೇಷನ್ನಿನಿಂದ ಲಿವರ್‌ಗೆ ಆಗುವ ಪೆಟ್ಟು ಒಂದೆರಡು ತಿಂಗಳ ಮೇಲೂ ತೋರಬಹುದು. ಚುಚ್ಚಿದ ಜಾಗದಲ್ಲಿ ರಕ್ತ ಬಂದರೆ ಗಟ್ಟಿಯಾಗಿ ಒತ್ತಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಬೆಂಗಳೂರಿಗೆ ಫೋನ್ ಮಾಡಿಕೊಂಡು ಕೂರಬೇಡಿ.

ಮನೆಯಲ್ಲಿ ಚಿಕ್ಕ ಮಗು ಇದೆ, ಸೊಸೆ ಬಸುರಿ. ಅಜ್ಜ ಮನೆಗೆ ಬರಬಹುದೇ?

ಬರಬಹುದು. ಕಿರಣ ಹೆಚ್ಚಾಗಿ ದೇಹದೊಳಗೇ ನಿಲ್ಲುತ್ತದೆ. ಆದರೂ ಸುಮಾರು ಒಂದು ವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಬಸುರಿಯ ಪಕ್ಕ ಬಹಳ ಹೊತ್ತು ಕೂರುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು ಬೇಡ ಅನ್ನುತ್ತಾರೆ. ಎಷ್ಟು ದಿನ, ಎಷ್ಟು ದೂರ ಅನ್ನುವುದು ಡೋಸಿನ ಮೇಲೆ ಹೋಗುತ್ತದೆ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತಾರೆ. ಕಿರಣದ ಶೇ 94ರಷ್ಟು ಮೊದಲ 11 ದಿನಗಳಲ್ಲೇ ಮುಗಿದಿರುತ್ತದೆ.

ತಟ್ಟೆ ಲೋಟ ಬೇರೆ ಇಡುವುದು, ಬಟ್ಟೆ ಸುಡುವುದು, ಅಜ್ಜನನ್ನು ಹೊರಕೋಣೆಗೆ ಹಾಕುವುದು ಯಾವುದೂ ಬೇಕಿಲ್ಲ. ಇದು ಅಂಟುವ ರೋಗವಲ್ಲ. ಮೊದಲ ದಿನ ಶೌಚಾಲಯಕ್ಕೆ ಹೋದ ಮೇಲೆ ಚೆನ್ನಾಗಿ ನೀರು ಹಾಕಿ ಕೈ ತೊಳೆದರೆ ಸಾಕು. ಮಣಿಗಳು ಲಿವರ್‌ನಲ್ಲೇ ಉಳಿಯುತ್ತವೆ. ಶಕ್ತಿ ಮುಗಿದ ಮೇಲೆ ಅವು ಬರೀ ಗಾಜು ಅಥವಾ ರಾಳ.

ತೋಟಕ್ಕೆ ಯಾವಾಗ ಹೋಗಬಹುದು?

ನಡೆದಾಡಲು ಎರಡು ಮೂರು ದಿನದಲ್ಲೇ ಅಡ್ಡಿಯಿಲ್ಲ. ಭಾರ ಎತ್ತುವುದು, ಕಾಫಿ ಚೀಲ ಹೊರುವುದು, ಮೆಣಸು ಕೊಯ್ಯಲು ಏಣಿ ಹತ್ತುವುದು ಕನಿಷ್ಠ ಒಂದು ವಾರ ಬೇಡ. ಜೀಪಿನಲ್ಲಿ ಕಲ್ಲುದಾರಿಯ ಸವಾರಿಯೂ ಬೇಡ. ಲೈನ್ ಮನೆಯಲ್ಲಿದ್ದು ದಿನಗೂಲಿಗೆ ಹೋಗುವವರಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಅಂಥವರು ಆಸ್ಪತ್ರೆಯಿಂದ ವಿಶ್ರಾಂತಿಯ ಚೀಟಿ ಬರೆಸಿಕೊಂಡು ತೋಟದ ಲೆಕ್ಕ ನೋಡುವ ರೈಟರಿಗೆ ಕೊಡಬೇಕು.

ಊಟದಲ್ಲಿ ಪಥ್ಯ ಏನು? ಪಂದಿಕರಿ ತಿನ್ನಬಹುದೇ?

ವಾಕರಿಕೆ ಇಳಿಯುವ ತನಕ ಎಣ್ಣೆ, ಖಾರ ಕಡಿಮೆ ಮಾಡಿ. ಆಮೇಲೆ ಮೊಟ್ಟೆ, ಮೀನು, ಬೇಳೆ ಚೆನ್ನಾಗಿ ತಿನ್ನಬೇಕು. ಮಾಂಸ ಪೂರ್ತಿ ಬಿಟ್ಟು ಗಂಜಿಯಲ್ಲೇ ಇರುವವರು ಸೊರಗಿಹೋಗುತ್ತಾರೆ. ಕಡಂಬಿಟ್ಟಿನ ಜೊತೆ ಎರಡು ತುಂಡು ಪಂದಿಕರಿಯಿಂದ ಏನೂ ಆಗುವುದಿಲ್ಲ. ಕಾಲು ಊದಿಕೊಂಡಿದ್ದರೆ ಉಪ್ಪು ಕಡಿಮೆ, ಉಪ್ಪಿನಕಾಯಿ ಬೇಡ.

ಡ್ರಿಂಕ್ಸ್ ಮಾತ್ರ ಒಂದು ತೊಟ್ಟೂ ಬೇಡ. ಕೈಲ್‌ಪೊಳ್ದ್, ಪುತ್ತರಿ, ಮದುವೆ ಯಾವುದಕ್ಕೂ ವಿನಾಯಿತಿ ಇಲ್ಲ. ‘ಮನೆಯಲ್ಲೇ ಮಾಡಿದ ವೈನ್ ಅಲ್ವಾ’ ಅನ್ನುವವರಿಗೆ: ಲಿವರ್‌ಗೆ ಮನೆಯದ್ದು, ಅಂಗಡಿಯದ್ದು ಎಲ್ಲಾ ಒಂದೇ. ಒತ್ತಾಯ ಮಾಡುವ ನೆಂಟರಿಗೆ ನೇರವಾಗಿ ಬೇಡ ಅನ್ನುವ ಜವಾಬ್ದಾರಿ ಮನೆಯವರದ್ದು, ರೋಗಿಯ ತಲೆಗೆ ಹಾಕಬೇಡಿ.

ಮದ್ದುಸೊಪ್ಪು? ನಾಟಿ ಔಷಧಿ?

ಕೊಡವ ಪಂಚಾಂಗದ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಆರಂಭದಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದೆ, ನಮಗೆಲ್ಲ ಗೊತ್ತು. ಹೊರಗಿನ ಆಸ್ಪತ್ರೆಯವರಿಗೆ ಗೊತ್ತಿರಬೇಕು ಅಂತಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಚಿಕಿತ್ಸೆ ಆಗಿದ್ದು, ಮೂತ್ರದಲ್ಲಿ ರಕ್ತ ಅಂತ ಗಾಬರಿಯಾದರೆ ಮೊದಲು ಪಾಯಸದ ವಿಷಯ ಹೇಳಿ. ಆ ವರ್ಷಕ್ಕೆ ರೋಗಿಗೆ ಕೊಡದೆ ಇರುವುದೇ ವಾಸಿ.

ಕಾಮಾಲೆಗೆ ಕೊಡುವ ಕಷಾಯ, ಬೇರಿನ ಪುಡಿ ಇತ್ಯಾದಿ ಬೇಡ. ಕೆಲವು ಗಿಡಮೂಲಿಕೆಗಳು ಲಿವರ್‌ಗೇ ಪೆಟ್ಟು ಕೊಡುತ್ತವೆ. ಆಮೇಲೆ ಬಿಲಿರುಬಿನ್ ಏರಿದ್ದು ಗೆಡ್ಡೆಯಿಂದಲೋ, ಮಣಿಯಿಂದಲೋ, ಕಷಾಯದಿಂದಲೋ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಈಗಾಗಲೇ ತೆಗೆದುಕೊಂಡಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಪೂರ್ತಿ ಗುಣ ಆಗುತ್ತದೆಯೇ?

ಕೆಲವರಿಗೆ ಆಗುತ್ತದೆ ಅನ್ನುವಷ್ಟು ಹತ್ತಿರ ಹೋಗಬಹುದು. ಹೆಚ್ಚಿನವರಿಗೆ ಇದು ಗೆಡ್ಡೆಯನ್ನು ಹಿಡಿದಿಡುವ, ಕುಗ್ಗಿಸುವ ಚಿಕಿತ್ಸೆ. ಗಾಜಿನ ಮಣಿಗಳ ಬಗ್ಗೆ 2021ರಲ್ಲಿ ಬಂದ ‘ಲೆಗಸಿ’ ಅಧ್ಯಯನದಲ್ಲಿ 162 ಜನರಿದ್ದರು. ಎಲ್ಲರಿಗೂ ಎಂಟು ಸೆಂಟಿಮೀಟರ್ ಒಳಗಿನ ಒಂದೇ ಗೆಡ್ಡೆ, ಲಿವರ್ ಚೆನ್ನಾಗಿತ್ತು. ಮೂರು ವರ್ಷ ಬದುಕುವ ಪ್ರಮಾಣ ಶೇ 86ಕ್ಕಿಂತ ಜಾಸ್ತಿ. ಕೆಲವರಿಗೆ ಗೆಡ್ಡೆ ಕುಗ್ಗಿ ಆಪರೇಷನ್ ಅಥವಾ ಕಸಿ ಸಾಧ್ಯವಾಯಿತು.

ಇದನ್ನು ಮಾತ್ರ ಓದಿ ಖುಷಿ ಪಡಬೇಡಿ. ಮುಂದುವರಿದ ಗೆಡ್ಡೆ ಇದ್ದವರಲ್ಲಿ ವೈ-90 ಮತ್ತು ಸೊರಾಫೆನಿಬ್ ಮಾತ್ರೆಯನ್ನು ಹೋಲಿಸಿದ ಎರಡು ದೊಡ್ಡ ಪ್ರಯೋಗಗಳು ನಡೆದವು, ಫ್ರಾನ್ಸಿನ ‘ಸಾರಾ’ ಮತ್ತು ಏಷ್ಯಾದ ‘ಸರ್ವ್‌ನಿಬ್’. ಎರಡರಲ್ಲೂ ವೈ-90 ತೆಗೆದುಕೊಂಡವರು ಮಾತ್ರೆ ತೆಗೆದುಕೊಂಡವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅಡ್ಡಪರಿಣಾಮ ಮಾತ್ರ ಕಡಿಮೆ ಇತ್ತು. ಆಮೇಲೆ ಬಂದ ‘ಡೋಸಿಸ್ಫಿಯರ್’ ಅಧ್ಯಯನದಲ್ಲಿ ಒಬ್ಬೊಬ್ಬರ ಗೆಡ್ಡೆಗೆ ತಕ್ಕಂತೆ ಡೋಸ್ ಲೆಕ್ಕ ಹಾಕಿದಾಗ ಫಲ ಚೆನ್ನಾಗಿ ಬಂತು. ಆದ್ದರಿಂದ ‘ಡೋಸ್ ಹೇಗೆ ಲೆಕ್ಕ ಹಾಕುತ್ತೀರಿ?’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ‘ನಮ್ಮವರಿಗೆ ಇದರ ಗುರಿ ಏನು, ಗುಣವೋ, ಕಸಿಗೆ ತಯಾರಿಯೋ, ದಿನ ಮುಂದೂಡುವುದೋ?’ ಅಂತಲೂ ಕೇಳಿ.

ಒಂದು ತಿಂಗಳ ಸ್ಕ್ಯಾನಿನಲ್ಲಿ ಗೆಡ್ಡೆ ಹಾಗೆಯೇ ಇದೆಯಲ್ಲ?

ಗಾಬರಿ ಬೇಡ. ಈ ಚಿಕಿತ್ಸೆಯ ಫಲ ನಿಧಾನ, ಗೆಡ್ಡೆ ಕುಗ್ಗಲು ಮೂರರಿಂದ ಆರು ತಿಂಗಳು ಹಿಡಿಯಬಹುದು. ರಿಪೋರ್ಟಿನಲ್ಲಿ ಸೈಜ್ ಒಂದೇ ನೋಡಬೇಡಿ, ಗೆಡ್ಡೆಯೊಳಗೆ ರಕ್ತ ಓಡಾಟ ನಿಂತಿದೆಯೇ ಅನ್ನುವುದೂ ಮುಖ್ಯ. ನಡುವೆ ಬೇಕಾಗುವ ಲಿವರ್ ರಕ್ತಪರೀಕ್ಷೆಗಳನ್ನು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದೇ ಅಂತ ಕೇಳಿ. ಪ್ರತಿ ಸಲ ಬೆಂಗಳೂರಿಗೆ ಓಡುವುದು ತಪ್ಪುತ್ತದೆ.

ಖರ್ಚು ಎಷ್ಟು? ಸರ್ಕಾರದ ಕಾರ್ಡ್ ನಡೆಯುತ್ತದೆಯೇ?

ಹಲವು ಲಕ್ಷ. ಅದರಲ್ಲಿ ದೊಡ್ಡ ಪಾಲು ಮಣಿಗಳದ್ದು. ಮ್ಯಾಪಿಂಗ್, ಸುರುಳಿ, ಸ್ಕ್ಯಾನ್, ಬೆಡ್ ಎಲ್ಲ ಸೇರಿಸಿ ಎಸ್ಟಿಮೇಟ್ ಬರೆಸಿಕೊಳ್ಳಿ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ನಮ್ಮಲ್ಲೇ ಗಾಜಿನ ಮಣಿಗಳನ್ನು ತಯಾರಿಸಿದೆ, ಹೆಸರು ‘ಭಾಭಾಸ್ಫಿಯರ್’. ನಿಮ್ಮ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಅಂತ ವಿಚಾರಿಸಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ನೆರವಿದೆ. ಆದರೆ ಪ್ಯಾಕೇಜ್ ಪಟ್ಟಿಯಲ್ಲಿ ಇರುವ ಚಿಕಿತ್ಸೆಗೆ ಮಾತ್ರ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಅಡ್ಮಿಟ್ ಆಗುವ ಮೊದಲೇ ಕೇಳಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಜೊತೆಗಿರಲಿ. ಖಾಸಗಿ ಇನ್ಶೂರೆನ್ಸ್ ಇದ್ದರೆ ಒಪ್ಪಿಗೆ ಲಿಖಿತವಾಗಿ ಬರಲಿ. ತೋಟ ಅಡವಿಡುವ ಯೋಚನೆ ಇದ್ದರೆ, ಮ್ಯಾಪಿಂಗ್ ರಿಪೋರ್ಟ್ ಬರುವ ತನಕವಾದರೂ ಕಾಯಿರಿ.

ಕಾಫಿ ಕುಡಿಯಬಹುದೇ?

ಕುಡಿಯಿರಿ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾಫಿಯನ್ನು ಕ್ಯಾನ್ಸರ್ ತರಬಹುದು ಅನ್ನುವ ಅನುಮಾನದ ಪಟ್ಟಿಯಿಂದ ತೆಗೆಯಿತು. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಅಂತಲೂ ಹೇಳಿತು. ಬೆಳೆಯುವ ನಮಗೆ ಇದು ಕೇಳಲು ಹಿತ. ಆದರೆ ಇರುವ ಗೆಡ್ಡೆಗೆ ಕಾಫಿ ಮದ್ದಲ್ಲ.

ದುಬೈನಲ್ಲಿರುವ ಮಗಳ ಮನೆಗೆ ಹೋಗಬೇಕು. ವಿಮಾನ ಹತ್ತಬಹುದೇ?

ಡಾಕ್ಟರು ಒಪ್ಪಿದರೆ ಹತ್ತಬಹುದು. ಮೊದಲ ಕೆಲವು ವಾರ ಏರ್‌ಪೋರ್ಟಿನ ವಿಕಿರಣ ಪತ್ತೆ ಯಂತ್ರ ಸದ್ದು ಮಾಡುವ ಸಾಧ್ಯತೆ ಇದೆ. ಕಣ್ಣೂರಿನಿಂದ ಹೋಗಲಿ, ಬೆಂಗಳೂರಿನಿಂದ ಹೋಗಲಿ, ಯಾವ ದಿನ ಯಾವ ಐಸೋಟೋಪ್ ಕೊಟ್ಟರು ಅಂತ ಬರೆದ ಆಸ್ಪತ್ರೆಯ ಪತ್ರ ಕೈಯಲ್ಲಿರಲಿ.

ಮನೆಯ ಬೇರೆಯವರೂ ಪರೀಕ್ಷೆ ಮಾಡಿಸಬೇಕೇ?

ಗೆಡ್ಡೆಗೆ ಕಾರಣ ಹೆಪಟೈಟಿಸ್ ಬಿ ಆಗಿದ್ದರೆ ಖಂಡಿತ ಮಾಡಿಸಬೇಕು. ಹೆಂಡತಿ ಅಥವಾ ಗಂಡ, ಮಕ್ಕಳು, ಒಡಹುಟ್ಟಿದವರು ಎಲ್ಲರೂ. ಒಂದು ರಕ್ತಪರೀಕ್ಷೆ ಸಾಕು. ಇಲ್ಲ ಅಂತ ಬಂದರೆ ಲಸಿಕೆ ಹಾಕಿಸಿಕೊಳ್ಳಬಹುದು, ಇದೆ ಅಂತ ಬಂದರೆ ಅದಕ್ಕೆ ಮಾತ್ರೆ ಇದೆ. ರೋಗಿಗೂ ಹೆಪಟೈಟಿಸ್ ಬಿ ಮಾತ್ರೆ ನಡೆಯುತ್ತಿದ್ದರೆ ವೈ-90 ಆಯಿತು ಅಂತ ಅದನ್ನು ನಿಲ್ಲಿಸುವಂತಿಲ್ಲ.